ಹನ್ನೊಂದನೇ ಮಹಡಿಗೆ ಒಪ್ಪಿಗೆ

…ಹನ್ನೊಂದಾ? ಹನ್ನೊಂದನೇ ಮಹಡೀನಾ? ಸರಿಯಾಗಿ ಕೇಳಿಸ್ಕೊಂಡೆ ತಾನೇ ನಾನು? ಒಂದಲ್ಲ, ಎರಡಲ್ಲ… ಹನ್ನೊಂದು! ನಗ್ತೀರಾ? ನಗಿ, ನಗಿ. ಮದುವೆಗೆ ಮೂರು ತಿಂಗಳು ಮುಂಚೆ ಮಾವನ ಮುಂದೆ ಕೂತು ನಗೋ ಅಳಿಯ ನಮ್ಮ ಕಾಲದಲ್ಲಿ ಇರಲಿಲ್ಲ. ಈಗ ಇದ್ದೀರಿ. ಸಂತೋಷ.

ಆ ಉಯ್ಯಾಲೆ ಮೇಲೆ ಬೇಡ ಪ್ರಮೋದ್, ಅದು ಕಿರ್ ಕಿರ್ ಅನ್ನುತ್ತೆ, ನನಗೆ ತಲೆನೋವು. ಈ ಕುರ್ಚೀಲಿ ಕೂತ್ಕೊಳ್ಳಿ. ನಿಮ್ಮತ್ತೆ ಪ್ರೇಮಾ ಇಲ್ಲ ಮನೇಲಿ. ಕನ್ನಡ ಸಂಘಕ್ಕೆ ಹೋಗಿದ್ದಾಳೆ, ರಾಜ್ಯೋತ್ಸವದ ಹಾಡಿನ ಪ್ರಾಕ್ಟೀಸು. ಹನ್ನೆರಡು ಹೆಂಗಸರು ಸೇರಿ ಒಂದು ಶ್ರುತೀಲಿ ಹಾಡೋಕೆ ಮೂರು ಭಾನುವಾರ ಬೇಕು ಇವರಿಗೆ. ಕಾಫಿ ನಾನೇ ಮಾಡಿದ್ದು. ಚೆನ್ನಾಗಿಲ್ದೆ ಇದ್ರೆ ಹೇಳಬೇಡಿ.

ಯಾರು ಕಳಿಸಿದ್ದು ನಿಮ್ಮನ್ನ? ನಿಶ್ಚಿತಾ ತಾನೇ? ಗೊತ್ತು ನನಗೆ. ಗುರುವಾರ ಅವಳ ಹತ್ರ ಕಡ್ಡಿ ಮುರಿದ ಹಾಗೆ ಹೇಳಿದೀನಿ: ಆ ಫ್ಲಾಟು ಬುಕ್ ಮಾಡಿದ್ರೆ ಫೆಬ್ರವರೀಲಿ ಮದುವೆ ಇಲ್ಲ. ಅವತ್ತಿಂದ ನನ್ನ ಜೊತೆ ಮಾತಿಲ್ಲ. ಊಟ ಬಡಿಸ್ತಾಳೆ, ಮಾತಿಲ್ಲ. ಈಗ ನಿಮ್ಮನ್ನ ದೂತನ ಥರ ಅಟ್ಟಿದ್ದಾಳೆ. ಅವಳೆಲ್ಲಿ? …ಸೈಟ್ ಆಫೀಸಲ್ಲಾ? ಈಗಲೇ? ಒಂದು ಗಂಟೆಗೆ ಬುಕಿಂಗ್ ಮುಚ್ಚುತ್ತಾ? ಮುಚ್ಚಲಿ! ಅಲ್ಲಿಗೆ ಹೋಗಿ ಕೂತ್ಕೊಂಡು, ಅಪ್ಪ ಒಪ್ಪಿದ್ರೆ ಫೋನ್ ಮಾಡಿ ಅಂತ ನಿಮಗೆ ಹೇಳಿದ್ಲಾ? ಪರವಾಗಿಲ್ಲ. ಒಪ್ಪಿಗೆ ಕೇಳೋ ಅಷ್ಟು ಮರ್ಯಾದೆ ಉಳಿದಿದೆಯಲ್ಲ.

ಎಲ್ಲಿ, ಕೊಡಿ ಆ ಕಾಗದ. ಅಬ್ಬಬ್ಬಾ, ಏನು ನುಣುಪು! ಮದುವೆ ಪತ್ರಿಕೇನೂ ಇಷ್ಟು ದಪ್ಪ ಇರಲ್ಲ. ‘ಮೇಘಮಂಡಲ ಹೈಟ್ಸ್’. ಹೆಸರು ನೋಡ್ರೀ! ಮೋಡದ ಮೇಲೆ ಕೂರಿಸ್ತಾರಂತೆ ಜನರನ್ನ. ಆ ಜಿಗ್ನೇಶಭಾಯ್ ಇದಾನಲ್ಲ, ಬಿಲ್ಡರ್ರು, ಅವನು ಇರೋದೆಲ್ಲಿ ಗೊತ್ತಾ? ಒಂದೇ ಮಹಡಿ ಬಂಗಲೆ. ಸುತ್ತ ಹುಲ್ಲು. ಮೋಡ ನಮಗೆ, ಹುಲ್ಲು ಅವನಿಗೆ.

ಈ ಚಿತ್ರ ನೋಡಿ. ಮೂವತ್ತೊಂದು ವರ್ಷ ಡ್ರಾಯಿಂಗ್ ಬೋರ್ಡ್ ಮುಂದೆ ಸೊಂಟ ಬಗ್ಗಿಸಿದವನು ನಾನು. ಅಹಮದಾಬಾದಲ್ಲಿ, ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೇಲಿ. ಅಲ್ಲಿ ಗೆರೆ ಒಂದು ಕೂದಲೆಳೆ ಆಚೀಚೆ ಆದ್ರೆ ಹಾಳೆ ವಾಪಸ್ಸು ಬರೋದು. ಇದು ನೋಡಿ! ಮರ ನಾಲ್ಕನೇ ಮಹಡಿವರೆಗೂ ಬೆಳೆದಿದೆ, ಪಕ್ಕದಲ್ಲಿ ಕಾರು ಬೆಂಕಿಪೊಟ್ಟಣದಷ್ಟಿದೆ. ಓಡಾಡೋರು ಯಾರಿವರು? ಬಿಳಿ ಹೆಂಗಸರು, ಟೋಪಿ ಹಾಕ್ಕೊಂಡು! ವಡೋದರಾ ಸ್ಟೇಷನ್ ಹತ್ರ ಯಾವತ್ತಾದ್ರೂ ನೋಡಿದ್ದೀರಾ ಇಂಥೋರನ್ನ? ಅಲ್ಲಿರೋದು ಆಟೋ, ಕಬ್ಬಿನ ಹಾಲಿನ ಗಾಡಿ, ಎಮ್ಮೆ. ಒಂದಾದ್ರೂ ಎಮ್ಮೆ ಇದೆಯಾ ಈ ಚಿತ್ರದಲ್ಲಿ?

ಹೋದ ವಾರ ಗುಜರಾತಿ ಪೇಪರಲ್ಲಿ ಮೊದಲನೇ ಪುಟ. ವಡೋದರಾದ ಸ್ಕೈಲೈನ್ ಬದಲಾಗುತ್ತಂತೆ! ಊರ ಮಧ್ಯ ಏಳು ಟವರಿಗೆ ಪ್ಲಾನು ಹಾಕಿದ್ದಾರಂತೆ. ಸೂರತ್ತಲ್ಲಿ ವಜ್ರ ಉಜ್ಜೋರು ಹದಿಮೂರು ಮಹಡಿ ಕಟ್ಟಿಸಿದ್ರಂತೆ, ಅದಕ್ಕೆ ಅಹಮದಾಬಾದಿನೋರಿಗೆ ಹೊಟ್ಟೆಕಿಚ್ಚು, ಅವರನ್ನ ನೋಡಿ ಇವರಿಗೆ. ಊರು ಅಂದ್ರೆ ಏನ್ರೀ, ಮಕ್ಕಳು ಬೆನ್ನಿಗೆ ಬೆನ್ನು ಕೊಟ್ಟು ನಿಂತು ಎತ್ತರ ಅಳೆಯೋ ಆಟಾನಾ? ಈ ಊರಿನ ಮಹಾರಾಜರು ಅಷ್ಟು ದೊಡ್ಡ ಅರಮನೆ ಕಟ್ಟಿಸಿದ್ರಲ್ಲ, ಅಗಲಕ್ಕೆ ಕಟ್ಟಿಸಿದ್ರು. ಎತ್ತರಕ್ಕೆ ಕಟ್ಟಿಸಲಿಲ್ಲ. ದೊಡ್ಡೋರಿಗೆ ಮೇಲೆ ಹತ್ತಿ ತೋರಿಸ್ಕೋಬೇಕಾಗಿಲ್ಲ.

ಏನು? ಪಾವಾಗಢ ಕಾಣುತ್ತೆ ಅಂತಾನಾ? ಬಾಲ್ಕನಿಯಿಂದ ಬೆಟ್ಟ ಕಾಣುತ್ತಂತೆ. ಬಸ್ಸಲ್ಲಿ ಒಂದೂವರೆ ಗಂಟೆ ಪ್ರಮೋದ್, ಹೋಗಿ ಹತ್ತಿರದಿಂದಲೇ ನೋಡ್ಕೊಂಡು ಬನ್ನಿ! ಬೆಟ್ಟ ನೋಡೋಕೆ ಅಂತ ಆಕಾಶದಲ್ಲಿ ಬಚ್ಚಲುಮನೆ ಕಟ್ಟಿಸ್ಕೊಳ್ಳೋ ಜನಾನ ನಾನು ಇಲ್ಲೇ ನೋಡಿದ್ದು.

ಆಹಾ, ನೀರಿನ ವಿಷಯಕ್ಕೆ ಬಂದ್ರಿ. ಕಾಯ್ತಾ ಇದ್ದೆ ನಾನು. ಹೌದು ಕಣ್ರೀ, ಈ ಸಲ ಮಳೆಗಾಲದಲ್ಲಿ ಈ ಮನೆಗೆ ನೀರು ಬಂತು. ಮೊಳಕಾಲುದ್ದ ಬಂತು. ಈ ಗೋಡೆ ಮೇಲಿನ ಕಂದು ಗೆರೆ ಅದೇ, ನೋಡಿ, ಅಳಿಸಿಲ್ಲ ನಾನು. ಫ್ರಿಜ್ಜು ಹೋಯ್ತು, ಪ್ರೇಮಾದು ರೇಷ್ಮೆ ಸೀರೆ ನಾಲ್ಕು ಹೋಯ್ತು. ಆದ್ರೇನು? ಎರಡು ದಿನ ಮಂಚದ ಮೇಲೆ ಕೂತಿದ್ದೆ. ಮೂರನೇ ದಿನ ಇಳೀತು. ಪಕ್ಕದ ಮನೆಯೋರು ಕರೆದ್ರು, ‘ಉಪರ್ ಆವೋ, ಕಾಕಾ’, ಮೇಲೆ ಬನ್ನಿ ಅಂತ, ಅವರದು ಮಾಳಿಗೆ ಇದೆ. ಪ್ರೇಮಾ ಹೋದ್ಲು, ನಿಶ್ಚಿತಾ ಹೋದ್ಲು. ನಾನು ಹೋಗಲಿಲ್ಲ. ಯಾಕೆ ಅಂದ್ರೆ? ಯಾಕೆ ಹೋಗಬೇಕು? ನನ್ನ ಮನೆ ಇದು. ಬರೀ ನೀರಿಗೆ ಮನೆ ಬಿಟ್ಟು ಓಡೋಕೆ ನಾನೇನು… ನಾನೇನು ಅಂಥೋನಲ್ಲ.

ಹೂಂ, ನನಗೂ ಗೊತ್ತು ನೀವೆಲ್ಲ ನನ್ನ ಹಿಂದೆ ಮಾತಾಡ್ಕೊಳ್ಳೋದು. ಮದುವೆಗೆ ನಿಮ್ಮ ಚಿಕ್ಕಪ್ಪ ನೋಡಿದ್ದ ಛತ್ರ ಎರಡನೇ ಮಹಡೀಲಿತ್ತು, ನಾನು ಬೇಡ ಅಂದೆ. ಊಟದ ವ್ಯವಸ್ಥೆ ಸರಿ ಇರಲಿಲ್ಲ ಅಂತ ಅಂದೆ. ಸರಿ ಇರಲಿಲ್ಲ! ವಯಸ್ಸಾದೋರು ಬರ್ತಾರೆ, ಅವರೆಲ್ಲ ಮೆಟ್ಟಿಲು ಹತ್ತಬೇಕಾ?

ನಿಶ್ಚಿತಾ ಏನಂದ್ಲು ನಿಮಗೆ ಆ ಕಟ್ಟಡದ ಬಗ್ಗೆ? ಹೇಳಿ, ಹೇಳಿ. ಅವಳು ಈಗ ದೊಡ್ಡ ಇಂಜಿನಿಯರ್ರು. ಬಿ.ಇ. ಸಿವಿಲ್ ಮುಗಿಸಿ ನಾಲ್ಕು ತಿಂಗಳಾಗಿಲ್ಲ, ಹಳದಿ ಹೆಲ್ಮೆಟ್ ಹಾಕ್ಕೊಂಡು ಸೈಟಿಗೆ ಹೋಗಿ ಕಬ್ಬಿಣ ಎಣಿಸ್ತಾಳೆ. …ಕಂಬ ಚೆನ್ನಾಗಿದೆ ಅಂದ್ಲಾ? ಲೆಕ್ಕ ನಾನೇ ನೋಡಿದೀನಿ ಅಂದ್ಲಾ? ನನಗೂ ಅದೇ ಪಾಠ ಮಾಡಿದ್ಲು. ಅಪ್ಪ, ಅವತ್ತು ಭೂಕಂಪದಲ್ಲಿ ಬಿದ್ದ ಕಟ್ಟಡಗಳು ಎತ್ತರ ಅಂತ ಬೀಳಲಿಲ್ಲ, ಕೆಳಗೆ ಕಾರು ನಿಲ್ಲಿಸೋಕೆ ಅಂತ ಗೋಡೇನೇ ಇಲ್ದೆ ಬರೀ ಕಂಬದ ಮೇಲೆ ನಿಲ್ಲಿಸಿದ್ರು, ಕಂಬದಲ್ಲಿ ಕಬ್ಬಿಣ ಕದ್ದಿದ್ರು, ಅದಕ್ಕೆ ಬಿದ್ದವು. ನಾಲ್ಕೇ ಮಹಡಿಯವೂ ಬಿದ್ದವು, ಸರಿಯಾಗಿ ಕಟ್ಟಿದ್ದ ಹತ್ತು ಮಹಡಿಯವೂ ನಿಂತವು. ನಮ್ಮದೂ ನಿಂತಿತಲ್ಲ ಅಪ್ಪ. ಇದು ಅವಳ ವಾದ.

ನಿಂತಿತು, ನಿಜ. ಗೋಡೆಯೆಲ್ಲ ಬಿರುಕು ಬಿಟ್ಕೊಂಡು ನಿಂತಿತು.

ನೀವು ಆಗ ಮಂಡ್ಯದಲ್ಲಿದ್ರಿ, ಟೀವೀಲಿ ನೋಡಿರ್ತೀರಿ. ಟೀವೀಲಿ ಭೂಕಂಪ ನೋಡಿದೋರಿಗೆಲ್ಲ ಹನ್ನೊಂದನೇ ಮಹಡಿ ಬೇಕು! ಈ ಜನ ಇದಾರಲ್ಲ, ಇವರ ಥರ ಮರೆಯೋರನ್ನ ನಾನು ಕಂಡೇ ಇಲ್ಲ. ಅವತ್ತು ಅಹಮದಾಬಾದಲ್ಲಿ ತಿಂಗಳುಗಟ್ಟಲೆ ರಸ್ತೇಲಿ ಮಲಗಿದ್ರು. ಮೇಲಿನ ಮಹಡಿ ಯಾರಿಗೂ ಬೇಡ. ಎಲ್ಲರಿಗೂ ನೆಲ, ನೆಲ, ನೆಲ. ಈಗ ಐದು ವರ್ಷ ಕೂಡ ತುಂಬಿಲ್ಲ, ಅದೇ ಜನ, ಅದೇ ಮುಖ, ಎಷ್ಟು ಮೇಲೆ ಸಿಗುತ್ತೆ, ಎಷ್ಟು ಗಾಳಿ ಬರುತ್ತೆ, ಯಾವ ಬೆಟ್ಟ ಕಾಣುತ್ತೆ… ಥೂ! ನಾಚಿಕೆ ಅನ್ನೋದು ಬೇಡ್ವಾ? ಅವತ್ತು ಮೆಟ್ಟಿಲಲ್ಲಿ ಒಬ್ಬರನ್ನೊಬ್ಬರು ತಳ್ಕೊಂಡು ಓಡಿದ್ದು ಇದೇ ಕಾಲುಗಳು ತಾನೇ?

ನಾನು ಒಂಬತ್ತನೇ ಮಹಡೀಲಿ ಇದ್ದೆ ಪ್ರಮೋದ್. ಎತ್ತರ ಅಂದ್ರೆ ಏನು ಅಂತ ನನಗೆ ಬಿಲ್ಡರ್ ಹೇಳಬೇಕಾಗಿಲ್ಲ, ನನ್ನ ಮಗಳೂ ಹೇಳಬೇಕಾಗಿಲ್ಲ.

ಕೇಳಿದ್ದೀರಾ? ಸಂಘದಲ್ಲಿ ಯಾರೋ ಹೇಳಿದ್ರಾ? ಪೂರ್ತಿ ಹೇಳಿರಲ್ಲ ಬಿಡಿ, ಅವರಿಗೆ ಯಾವುದೂ ಪೂರ್ತಿ ಗೊತ್ತಿರಲ್ಲ. ಕೇಳಿ.

ಎರಡು ಸಾವಿರದ ಒಂದು, ಜನವರಿ ಇಪ್ಪತ್ತಾರು. ಬೆಳಿಗ್ಗೆ ಎಂಟೂಮುಕ್ಕಾಲು. ರಜೆ ದಿನ. ಪ್ರೇಮಾ ಆಗ ಸ್ಕೂಲಲ್ಲಿ ಟೀಚರ್ರು, ಬಾವುಟ ಹಾರಿಸೋಕೆ ಹೋಗಿದ್ಲು. ಮನೇಲಿ ನಾನು, ನಮ್ಮಮ್ಮ, ನಿಶ್ಚಿತಾ. ಮೂರೇ ಜನ. ಅಮ್ಮನಿಗೆ ಎಪ್ಪತ್ತೆಂಟು. ಎರಡೂ ಮಂಡಿ ಹೋಗಿದ್ವು, ಹಾಸಿಗೆಯಿಂದ ಬಚ್ಚಲಿಗೆ ಹೋಗಬೇಕಾದ್ರೂ ಒಬ್ಬರು ಹಿಡ್ಕೋಬೇಕು. ನಾನು ಪೇಪರ್ ಓದ್ತಿದ್ದೆ. ಮೊದಲು ಅಡುಗೆಮನೇಲಿ ಲೋಟಗಳು ಕಿಣಿಕಿಣಿ ಅಂದವು. ಕೆಳಗೆ ಲಾರಿ ಹೋಯ್ತೇನೋ ಅಂದ್ಕೊಂಡೆ. ಆಮೇಲೆ ಫ್ಯಾನು… ಫ್ಯಾನು ಗಡಿಯಾರದ ಲೋಲಕದ ಥರ ಆ ಕಡೆ, ಈ ಕಡೆ. ಆಮೇಲೆ ನೆಲ. ನೆಲ ಅನ್ನೋದು ದೋಣಿ ಥರ ಆಗೋದು ಹೆಂಗಿರುತ್ತೆ ಅಂತ ಹೇಳೋಕಾಗಲ್ಲ. ಬೀರು ತನ್ನಷ್ಟಕ್ಕೆ ತಾನು ನಡ್ಕೊಂಡು ಬಂತು. ಗೋಡೆ ಟಪ್ ಅಂತ ಸೀಳ್ತು.

ಸರಿ. ಏನು ಮಾಡೋದು? ಲಿಫ್ಟ್ ಇಲ್ಲ. ಅಮ್ಮ ನಡೆಯಲ್ಲ. ನಾನು ಒಂದೇ ಕ್ಷಣ… ಯೋಚನೆ ಮಾಡಲಿಲ್ಲ ಕಣ್ರೀ. ಬೆಡ್‌ಶೀಟ್ ಸಮೇತ ಅಮ್ಮನ್ನ ಎತ್ತಿದೆ, ಬೆನ್ನ ಮೇಲೆ ಹಾಕ್ಕೊಂಡೆ. ಒಂಬತ್ತು ಮಹಡಿ. ಎಷ್ಟು ಮೆಟ್ಟಿಲು ಗೊತ್ತಾ? ನೂರಾ ಅರವತ್ತೆರಡು. ಮೆಟ್ಟಿಲ ಮೇಲೆಲ್ಲ ಗಾರೆ ಚೂರು, ಗಾಜು, ಯಾರದೋ ಚಪ್ಪಲಿ. ದೂಳಲ್ಲಿ ಕಣ್ಣು ಬಿಡೋಕಾಗಲ್ಲ. ಅಮ್ಮ ‘ರಾಮ ರಾಮ’ ಅಂತಿದ್ರು ಕಿವಿ ಹತ್ರ. ಕೆಳಗೆ ಇಳಿಯೋ ಹೊತ್ತಿಗೆ ನನ್ನ ಕಾಲೆರಡೂ… ಎರಡು ದಿನ ನಡೆಯೋಕಾಗಲಿಲ್ಲ.

ಏನಂದ್ರಿ? ನಿಶ್ಚಿತಾ? ಇದ್ಲು, ಅವಳೂ ಇದ್ಲು. ನನ್ನ ಹಿಂದೆ… ಮುಂದೆ ಇಳೀತಿದ್ಲು. ಮುಂದೆ. ಹದಿನೇಳು ವರ್ಷ, ಪಿ.ಯು. ಓದೋ ಹುಡುಗಿ, ಅವಳಿಗೇನಾಗುತ್ತೆ?

ಆ ವರ್ಷ ನವೆಂಬರಲ್ಲಿ ಅಹಮದಾಬಾದಿನ ಸಂಘದೋರು ಶಾಲು ಹೊದಿಸಿದ್ರು ನನಗೆ. ಮೈಸೂರು ಪೇಟ, ಹಣ್ಣಿನ ತಟ್ಟೆ. ‘ತಾಯಿಯನ್ನು ಸಾವಿನ ದವಡೆಯಿಂದ ಹೊತ್ತು ತಂದ ಮಗ’ ಅಂತ ಆ ಅಧ್ಯಕ್ಷ ಲಕ್ಷ್ಮೀನಾರಾಯಣ ಮೈಕಲ್ಲಿ ಅತ್ತೇಬಿಟ್ಟ. ಆಸಾಮಿಗೆ ಅಳು ಬಹಳ ಸುಲಭ. ಪೇಟ ಸಣ್ಣದಾಯ್ತು, ಕಿವಿ ಮೇಲೆ ಕೂತಿತ್ತು. ಪ್ರೇಮಾ ಫೋಟೋ ಒಳಗೆ ಇಟ್ಟಿದ್ದಾಳೆ, ತೋರಿಸ್ತೀನಿ. ಮುಂದಿನ ಸಾಲಲ್ಲಿ ನಿಶ್ಚಿತಾ ಕೂತು ಚಪ್ಪಾಳೆ ತಟ್ತಿರೋದೂ ಬಂದಿದೆ ಅದರಲ್ಲಿ.

ಏನು, ಸುಮ್ನಾಗ್ಬಿಟ್ರಿ?

ಇಲ್ಲಿಗೆ ಬಂದಾಗ ಎಲ್ಲರೂ ಏನಾದ್ರೂ ಒಂದು ಅಂತಾರೆ. ಅಬ್ಬಾ ಅಂತಾರೆ, ದೊಡ್ಡ ಪುಣ್ಯ ಸಾರ್ ಅಂತಾರೆ. ಕೆಲವು ಹೆಂಗಸರು ಕಣ್ಣೀರು ಹಾಕ್ತಾರೆ. ನೀವು ನೆಲ ನೋಡ್ತಿದೀರಿ.

ಪ್ರಮೋದ್? ಕಾಫಿ ಆರಿಹೋಗ್ತಿದೆ.

ಯಾಕೆ ತಲೆ ಎತ್ತಲ್ಲ? ನಾನು ಹೇಳಿದ್ದು ನಂಬಿಕೆ ಬರಲಿಲ್ವಾ? ಹೊತ್ತೋನಿಗೆ ಗೊತ್ತು ಭಾರ. ನಲವತ್ತೆಂಟು ಕಿಲೋ ಇದ್ರು ಅಮ್ಮ. ಏನು ಅನುಮಾನ ನಿಮಗೆ? ನೀವೇನು ಅಲ್ಲಿ ಇದ್ರಾ? ಇಲ್ವಲ್ಲ! ಮೆಟ್ಟಿಲಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಆಗಲೇ ಇಳಿದು ಹೋಗಿದ್ರು, ಯಾರೂ ನೋಡಿಲ್ಲ…

ಓ.

ಓಹೋಹೋ. ಗೊತ್ತಾಯ್ತು. ಅವಳು ಹೇಳಿದ್ದಾಳೆ.

ಹೇಳಿದ್ದಾಳೆ ತಾನೇ? ಸುಮ್ನೆ ಕೂತ್ಕೊಂಡು ಇವನು ಎಲ್ಲಿವರೆಗೆ ಸುಳ್ಳು ಹೇಳ್ತಾನೆ ನೋಡೋಣ ಅಂತ ನೋಡ್ತಿದ್ರಾ? ಮಾವನನ್ನ ಪರೀಕ್ಷೆ ಮಾಡೋದು! ಬಾಯಿ ಬಿಟ್ಟು ಕೇಳೋ ಧೈರ್ಯ ಇಲ್ಲ, ನೆಲ ನೋಡೋದು! ಕೇಳಿ! ಒಂಬತ್ತನೇ ಮಹಡಿಯಿಂದ ಅಮ್ಮನ್ನ ಹೊತ್ಕೊಂಡು ಬಂದಿದ್ದು ನೀವಾ ಅಂತ ಕೇಳಿ ನೇರವಾಗಿ!

ನಾನಲ್ಲ.

ಸಾಕಾ? ನಾನಲ್ಲ. ನಾನು ಓಡಿದೆ.

ಪೇಪರ್ ಕೈಯಲ್ಲೇ ಇತ್ತು. ಗೋಡೆ ಸೀಳಿದ ತಕ್ಷಣ ಬಾಗಿಲು ತೆಗೆದು ಓಡಿದೆ. ಅಮ್ಮ ಒಳಗಿಂದ ‘ಅನಂತು’ ಅಂತ ಕರೆದಿದ್ದು ಕೇಳಿಸ್ತು. ಕೇಳಿಸಲಿಲ್ಲ ಅಂತ ನನಗೆ ನಾನೇ ಎಷ್ಟೋ ಸಲ ಹೇಳ್ಕೊಂಡಿದೀನಿ, ಕೇಳಿಸ್ತು. ನಿಶ್ಚಿತಾ ತನ್ನ ರೂಮಿಂದ ಆಚೆ ಬಂದಿದ್ಲು, ನನ್ನ ಮುಖ ನೋಡಿದ್ಲು. ನಾನು ಅವಳ ಪಕ್ಕದಿಂದಲೇ… ಭುಜ ತಾಗಿಸ್ಕೊಂಡು ಹೋದೆ ಪ್ರಮೋದ್. ಕೈ ಹಿಡ್ಕೊಂಡು ಎಳ್ಕೊಂಡಾದ್ರೂ ಹೋಗಬಹುದಿತ್ತಲ್ಲ. ಅದೂ ಇಲ್ಲ. ನನ್ನ ಕಾಲು ನನ್ನ ಮಾತು ಕೇಳಲಿಲ್ಲ ಅಂತ ಹೇಳಬಹುದು. ಆದ್ರೆ ಅದೂ ಪೂರ್ತಿ ನಿಜ ಅಲ್ಲ. ಐದನೇ ಮಹಡಿ ಹತ್ರ ನಡುಕ ನಿಂತುಹೋಯ್ತು. ಎಲ್ಲ ತಣ್ಣಗಾಯ್ತು. ಆಗ ವಾಪಸ್ ಹತ್ತಬಹುದಿತ್ತು. ನಾಲ್ಕೇ ಮಹಡಿ ಹತ್ತಬೇಕಿತ್ತು. ಒಂದು ನಿಮಿಷ ನಿಂತೆ ಅಲ್ಲಿ. ಕಂಬಿ ಹಿಡ್ಕೊಂಡು ನಿಂತು ಮೇಲೆ ನೋಡಿದೆ.

ಆಮೇಲೆ ಇಳಿದೆ.

ಗೇಟಿನಾಚೆ, ರಸ್ತೆ ದಾಟಿ, ಒಂದು ಬೇವಿನ ಮರದ ಕೆಳಗೆ ನಿಂತಿದ್ದೆ. ಎಷ್ಟು ಹೊತ್ತು? ಮುಕ್ಕಾಲು ಗಂಟೆ. ಮುಕ್ಕಾಲು ಗಂಟೆ ಪ್ರಮೋದ್! ಸುತ್ತ ಜನ ಕಿರುಚ್ತಿದಾರೆ, ಹಿಂದಿನ ಬೀದೀಲಿ ಒಂದು ಕಟ್ಟಡ ಕೂತೇ ಹೋಗಿದೆ, ಅದರ ದೂಳು ಎದ್ದಿದೆ. ನಾನು ನಮ್ಮ ಮೆಟ್ಟಿಲ ಬಾಯಿ ನೋಡ್ಕೊಂಡು ನಿಂತಿದೀನಿ. ಈಗ ಹೋಗ್ತೀನಿ, ಈಗ ಹೋಗ್ತೀನಿ… ಹೋಗಲಿಲ್ಲ.

ಅವಳು ಬಂದ್ಲು. ಬೆಡ್‌ಶೀಟ್ ಅಂದೆನಲ್ಲ, ಅದು ಅವಳದು. ಅಜ್ಜೀನ ಬೆಡ್‌ಶೀಟ್ ಮೇಲೆ ಕೂರಿಸಿ, ತಾನು ಮುಂದೆ ಕೂತು, ಅಜ್ಜಿ ಕಾಲನ್ನ ತನ್ನ ತೊಡೆ ಮೇಲೆ ಇಟ್ಕೊಂಡು, ಒಂದೊಂದೇ ಮೆಟ್ಟಿಲು ಕೂತ್ಕೊಂಡೇ ಇಳಿಸಿದ್ದಾಳೆ. ಜಾರಿಸಿ, ನಿಲ್ಲಿಸಿ, ಜಾರಿಸಿ, ನಿಲ್ಲಿಸಿ. ನೂರಾ ಅರವತ್ತೆರಡು ಅಂತ ಎಣಿಸಿದ್ದೂ ಅವಳೇ. ಅಜ್ಜಿ ಹೆದರಬಾರದು ಅಂತ ಇಬ್ಬರೂ ಸೇರಿ ಜೋರಾಗಿ ಎಣಿಸಿದ್ರಂತೆ. ನಡುವೆ ಇನ್ನೊಂದು ಸಲ ನಡುಗಿತು, ಆಗ ಅಜ್ಜಿ ಮೇಲೆ ಕವುಚಿ ಮಲಗಿದ್ಲಂತೆ. ಅವಳ ಅಂಗೈ ಎರಡೂ ಗಾಜು ಚುಚ್ಚಿ ರಕ್ತ. ಗೇಟ್ ಹತ್ರ ನನ್ನ ನೋಡಿ ಏನಂದ್ಲು ಗೊತ್ತಾ? ಬೈದ್ಲಾ? ಅತ್ಲಾ? ‘ಅಪ್ಪ, ಒಂದು ಕಡೆ ಹಿಡ್ಕೊಳ್ಳಿ, ನನ್ನ ಕೈ ಜಾರ್ತಿದೆ’ ಅಂದ್ಲು. ಅಷ್ಟೇ. ಹಿಡ್ಕೊಂಡೆ.

ಪ್ರೇಮಾ ಆಟೋದಲ್ಲಿ ಅಳ್ತಾ ಬಂದ್ಲು. ನಾನು ಬಾಯಿ ತೆಗೆಯೋ ಮುಂಚೆ ಅಮ್ಮ ಹೇಳಿದ್ರು, ‘ನನ್ನ ಮಗ ಬೆನ್ನ ಮೇಲೆ ಹೊತ್ಕೊಂಡು ಬಂದ ಕಣೇ, ಇಲ್ದಿದ್ರೆ ನಾನು ಅಲ್ಲೇ.’ ಅಮ್ಮ ಹೇಳಿದ್ದು! ನಾನಲ್ಲ! ಯಾಕೆ ಹೇಳಿದ್ರೋ… ನನ್ನ ಮುಖ ನೋಡೇ ಹೇಳಿದ್ರು. ನಿಶ್ಚಿತಾ ಕೈಗೆ ಕರವಸ್ತ್ರ ಸುತ್ಕೊಳ್ತಾ ನಿಂತಿದ್ಲು, ಹೂಂ ಅಂದ್ಲು. ಗಾಯ ಎಲ್ಲಾಯ್ತು ಅಂತ ಪ್ರೇಮಾ ಕೇಳಿದ್ರೆ, ಎಡವಿ ಬಿದ್ದೆ ಅಂದ್ಲು. ಆಮೇಲೆ ಇಲ್ಲ ಅನ್ನೋಕೆ ನನಗೆ ಒಂದು ದಿನ ಬೇಕಾಗಿತ್ತು, ಒಂದು ದಿನ ಅನ್ನೋದು ವಾರ ಆಯ್ತು, ವಾರ ಅನ್ನೋದು ಶಾಲು ಪೇಟ ಆಯ್ತು. ಎರಡು ವರ್ಷ ಬದುಕಿದ್ರು ಅಮ್ಮ. ಈ ಮನೆ, ವಡೋದರಾದ ಮಂಜಲ್‌ಪುರದ ಈ ನೆಲಮಟ್ಟದ ಟೆನಮೆಂಟು, ಅಮ್ಮನ ಮಂಡಿ ನೋವಿಗೆ ಅಂತ ತಗೊಂಡೆ ಅಂದೆ ಎಲ್ಲರಿಗೂ. ಕೆಲಸ ಬಿಟ್ಟಿದ್ದೂ ಅದಕ್ಕೇ ಅಂದೆ. ಒಂದು ದಿನ ಕೂಡ ಅಮ್ಮ ನಾನು ಓಡಿದ ಮಾತು ಎತ್ತಲಿಲ್ಲ. ಬಂದೋರಿಗೆಲ್ಲ ನನ್ನ ಬೆನ್ನು ತೋರಿಸೋರು.

ಡಾಕ್ಟರ್ ಆಗ್ತೀನಿ ಅಂತಿದ್ದವಳು ಆ ವರ್ಷ ಸಿವಿಲ್‌ಗೆ ಹಾಕಿದ್ಲು. ಯಾಕೆ ಅಂತ ನಾನು ಕೇಳಲಿಲ್ಲ.

ಈಗ ತೃಪ್ತಿ ಆಯ್ತಾ? ಅವಳು ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ತಾಳೆ ಆಯ್ತಾ? …ಏನು, ತಲೆ ಅಲ್ಲಾಡಿಸ್ತೀರಿ? ಏನು ಇಲ್ಲ? ಯಾವುದು ಇಲ್ಲ?

ಹೇಳಿಲ್ವಾ?

ಅವಳು ನಿಮಗೆ ಹೇಳೇ ಇಲ್ವಾ? …ಏನೂ? ಮದುವೆ ಆಗೋ ಹುಡುಗನಿಗೂ? …ಅಪ್ಪ ಅಜ್ಜೀನ ಹೊತ್ಕೊಂಡು ಬಂದ್ರು ಅಂತಲೇ ಹೇಳಿದ್ಲಾ? ಅವಳ ಬಾಯಿಂದಲೇ?

ಮತ್ತೆ… ಆಗ ಯಾಕೆ ಸುಮ್ನಾದ್ರಿ ನೀವು? ನೆಲ ಯಾಕೆ ನೋಡಿದ್ರಿ? …ಯಾರು? ನಿಮ್ಮ ತಂದೆ? …ಹೂಂ, ಗೊತ್ತು, ನಿಮಗೆ ಒಂಬತ್ತು ವರ್ಷ ಇದ್ದಾಗ ಹೋದ್ರು ಅಂತ ನಿಮ್ಮ ಚಿಕ್ಕಪ್ಪ ಹೇಳಿದ್ರು. …ಅಂಥ ಮಾವ ಸಿಕ್ರಲ್ಲ ಅಂತಾ? ನನ್ನ ಬಗ್ಗೆನಾ? ಅವರ ನೆನಪಾಗಿ ತಲೆ ತಗ್ಗಿಸಿದ್ರಾ? ಬೇಡ. ದಯವಿಟ್ಟು ಆ ಮಾತು ಇನ್ನೊಂದು ಸಲ ಹೇಳಬೇಡಿ.

ಬೈದುಬಿಡಿ ಪ್ರಮೋದ್. ಎದ್ದು ಹೋಗಿ ಬೇಕಾದ್ರೆ.

ಆ ಜಿಗ್ನೇಶಭಾಯ್‌ನ ಬೈದೆ, ಪೇಪರಿನೋರನ್ನ ಬೈದೆ, ಇಡೀ ಊರನ್ನ ಬೈದೆ. ಆ ಟವರ್ ಚೆನ್ನಾಗೇ ಇರಬಹುದು, ನನಗೇನು ಗೊತ್ತು? ನಾನು ಐದು ವರ್ಷದಿಂದ ಮೆಟ್ಟಿಲು ಹತ್ತಿಲ್ಲ. ಅವಳು ಹತ್ತುತ್ತಾಳೆ. ದಿನಾ ಹತ್ತುತ್ತಾಳೆ, ಸೈಟಲ್ಲಿ, ಕಂಬಿ ಇಲ್ದಿರೋ ಮೆಟ್ಟಿಲು. ಅಲ್ಲಾಡೋದನ್ನ ಕೊನೇವರೆಗೂ ನೋಡಿದವಳು ಅವಳು, ನಾನಲ್ಲ. ಹೆದರಬೇಕಾಗಿದ್ದವಳು ಅವಳು. ಅವಳೂ ನನ್ನ ಥರ ನೆಲ ಹುಡುಕ್ಕೊಂಡು ಬಂದಿದ್ರೆ, ನಾನು ಓಡಿದ್ದು ಬರೀ ಹೆದರಿಕೆ ಆಗ್ತಿತ್ತು. ಯಾರೇ ಆಗಿದ್ರೂ ಓಡ್ತಿದ್ರು ಅಂತ ಹೇಳ್ಕೋಬಹುದಿತ್ತು. ಅವಳು ಹನ್ನೊಂದನೇ ಮಹಡಿ ಬೇಕು ಅಂತಾಳಲ್ಲ, ಆಗ ಅದು ಹೆದರಿಕೆ ಆಗಲ್ಲ ಕಣ್ರೀ. ಆಗ ಅದಕ್ಕೆ ಬೇರೆ ಹೆಸರಿದೆ. ಗುರುವಾರ ಮದುವೆ ನಿಲ್ಲಿಸ್ತೀನಿ ಅಂದೆನಲ್ಲ ಅವಳಿಗೆ… ಆಗಲೂ ಅವಳು ಆ ಮಾತು ಆಡಬಹುದಿತ್ತು. ಒಂದೇ ಮಾತು ಸಾಕಿತ್ತು ನನ್ನ ಬಾಯಿ ಮುಚ್ಚಿಸೋಕೆ. ಆಡಲಿಲ್ಲ. ಅನ್ನ ಬಡಿಸಿದ್ಲು.

…ನಿಮ್ಮ ಮೊಬೈಲು. ಅವಳೇನಾ? ಎತ್ತಿ. ಮಾತಾಡಿ. ಒಂದು ಗಂಟೆ ಆಗ್ತಾ ಬಂತು, ಬುಕ್ ಮಾಡಿ ಅಂತ ಹೇಳಿ. ಮಾವ ಒಪ್ಪಿದ್ರು ಅಂತ ಹೇಳಿ, ಬೇರೇನೂ ಹೇಳಬೇಡಿ. ನಿಮ್ಮ ಕೈ ಹಿಡ್ಕೊಂಡು ಕೇಳ್ಕೊತೀನಿ.

ನನಗ್ಯಾಕೆ ಕೊಡ್ತೀರಿ? …ಬೇಡ. ಪ್ರಮೋದ್, ಬೇಡ. ಎಲ್ಲಿ ಒತ್ತಬೇಕು ಇದನ್ನ?

ಹಲೋ. …ನಿಶ್ಚಿ, ನಾನು, ಅಪ್ಪ. …ಇಲ್ಲ, ಜಗಳ ಆಡಿಲ್ಲ. ಇಲ್ಲೇ ಇದ್ದಾರೆ, ಕಾಫಿ ಕುಡೀತಿದಾರೆ. ನೀನು ಬುಕ್ ಮಾಡ್ಬಿಡಮ್ಮ. …ಹೂಂ, ಹನ್ನೊಂದನೇದೇ. …ನಿಜವಾಗಲೂ. ಮದುವೆ ಫೆಬ್ರವರೀಲೇ. …ಇಲ್ಲ, ಹುಷಾರಾಗಿದೀನಿ, ದನಿ ಹಂಗೆ ಅಷ್ಟೇ.

ನಿಶ್ಚಿ, ಇನ್ನೊಂದು. ಅವರಿಗೆ ಹೇಳಿದೆ. …ಯಾವುದು ಅಂದ್ರೆ… ಅವತ್ತಿಂದು ಕಣೇ. ಬೇವಿನ ಮರದ ಕೆಳಗೆ ನಿಂತಿದ್ದು. ನಿಮ್ಮಮ್ಮನಿಗೂ ಹೇಳ್ತೀನಿ, ಅವಳು ಬಂದ ತಕ್ಷಣ.

…ಹಲೋ?

ನಿಶ್ಚಿ?

…ಇದ್ದೀಯ. ಹಿಂದೆ ಕಾಂಕ್ರೀಟ್ ಮಿಕ್ಸರ್ ತಿರುಗೋ ಸದ್ದು ಕೇಳಿಸ್ತಿದೆ. ಏನೂ ಹೇಳಬೇಡ. ಅಳೋದಿದ್ರೆ ಅಳು, ಬೈಯೋದಿದ್ರೆ ಬೈಯಿ, ಸುಮ್ನಿರೋದಿದ್ರೆ ಸುಮ್ನಿರು. ನಾನು ಫೋನ್ ಇಡಲ್ಲ ಮಗಳೇ. ನೀನು ಇಡೋವರೆಗೂ ಇಲ್ಲೇ ಇರ್ತೀನಿ. ಎಲ್ಲೂ ಹೋಗಲ್ಲ.